ಶಾಲೆಯಿಂದ ಶಾಲೆಗೆ ಬಸ್ಸು

ಶಾಲೆಯ ಕಾಂಪೌಂಡಿನ ಹೊರಗೆ ಒಂದು ಕಿಲೋಮೀಟರಿನೊಳಗೆ ಯಾವ ಮಗುವೂ ಶಾಲಾ ಬಸ್ಸು ಹತ್ತತಕ್ಕದ್ದಲ್ಲ ಎಂದು ದೇಶದ ರಾಜಧಾನಿಯ ರೋಹಿಣಿ ಬಡಾವಣೆಯ ನಮ್ಮ ಶಾಲೆ ಸುತ್ತೋಲೆ ಹೊರಡಿಸಿದೆ. ಸಾರಿಗೆ ಶುಲ್ಕವನ್ನು ಮಾತ್ರ ಎಲ್ಲರೂ ಕಟ್ಟತಕ್ಕದ್ದು. ಬಸ್ಸಿನ ಹೊಗೆ ಎಲ್ಲರಿಗೂ ಸಮಾನವಾಗಿ ತಲುಪುವುದರಿಂದ ಇದರಲ್ಲಿ ತಾರತಮ್ಯವೇನೂ ಇಲ್ಲ.

ಎರಡನೇ ತರಗತಿಯ ಸ್ಫೂರ್ತಿಯ ಮನೆ ಶಾಲೆಯ ಎದುರಿಗೇ ಇದೆ. ನಡುವೆ ಅಗಲವಾದ ರಸ್ತೆ. ಸಿಗ್ನಲ್ ಇಲ್ಲ, ಇ-ರಿಕ್ಷಾಗಳು ತಮಗೆ ತೋಚಿದ ಕಡೆಯಿಂದ ಬರುತ್ತವೆ. ಹೋದ ವಾರ ಒಂದು ಬೈಕು ಮಗುವಿನ ನೀರಿನ ಬಾಟಲಿ ಸಿಕ್ಕಿಸಿಕೊಂಡು ಹೋಯಿತು. ಅಂದಿನಿಂದ ತಾಯಿ ಲೀಲಾವತಿಗೆ ಆ ರಸ್ತೆ ದಾಟುವುದೇ ಬೇಡವಾಗಿದೆ.

ಆಕೆ ಸಾರಿಗೆ ವಿಭಾಗದ ಸುದರ್ಶನ್ ಅವರನ್ನು ಕಂಡಳು.

"ಸರ್, ನಿಮ್ಮ ಬಸ್ಸು ನಮ್ಮ ಮನೆ ಮುಂದೇನೇ ಹೋಗುತ್ತೆ. ಮಗೂನ ಹತ್ತಿಸ್ಕೊಳ್ಳಿ."

"ನೀವು ದೂರ ಇದ್ದಿದ್ರೆ ಖಂಡಿತ ಹತ್ತಿಸ್ಕೋತಿದ್ವಿ ಮೇಡಂ."

"ರಸ್ತೆ ದಾಟೋಕೆ ಭಯ ಆಗುತ್ತೆ ಸರ್."

"ನಿಯಮದಲ್ಲಿ ದೂರ ಇದೆ, ಭಯ ಇಲ್ಲ."

ಗಂಡ ಮಹಂತೇಶ್ ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಬೇರೆಯವರ ಪ್ರಯಾಣ ಭತ್ಯೆಗೆ ಆಕ್ಷೇಪಣೆ ಬರೆದೇ ತಲೆ ನರೆತವರು. ಹೆಂಡತಿ ಅಳುತ್ತಾ ಬಂದಾಗ ಅವರು ಸುತ್ತೋಲೆಯನ್ನು ಮೆಚ್ಚುಗೆಯಿಂದ ಓದಿದರು.

"ಅಚ್ಛಾ, ಡ್ರಾಫ್ಟಿಂಗ್ ಚೆನ್ನಾಗಿದೆ. ಮನೆ ಎಲ್ಲಿರ್ಬೇಕು ಅಂತ ಹೇಳಿಲ್ಲ ನೋಡು. ಹತ್ತೋ ಜಾಗ ದೂರ ಇದ್ರೆ ಸಾಕು."

ಹತ್ತಿರದ ಮಕ್ಕಳನ್ನು ದೂರದ ಸ್ಟಾಪಿಗೆ ಒಯ್ಯಲು ಪ್ರತ್ಯೇಕ ಬಸ್ಸು ಬೇಕೆಂದು ಅವರು ಅರ್ಜಿ ಕೊಟ್ಟರು. ಪ್ರತ್ಯೇಕ ಬಸ್ಸಿಗೆ ಪ್ರತ್ಯೇಕ ಶುಲ್ಕ ಬರುವುದರಿಂದ ಆಡಳಿತ ಮಂಡಳಿ ಅಂದೇ ಒಪ್ಪಿತು. ಕಾಂಪೌಂಡಿನ ಹೊರಗೆ ಹತ್ತುವಂತಿಲ್ಲವಾದ್ದರಿಂದ ಆ ಬಸ್ಸು ಶಾಲೆಯ ಅಂಗಳದಿಂದಲೇ ಹೊರಡತಕ್ಕದ್ದೆಂದು ತೀರ್ಮಾನವಾಯಿತು.

ಈಗ ಲೀಲಾವತಿ ದಿನವೂ ಮಗಳ ಕೈ ಬಿಗಿಯಾಗಿ ಹಿಡಿದು, ಅದೇ ರಸ್ತೆ ದಾಟಿ, ಶಾಲೆಯೊಳಗೆ ಬಿಟ್ಟು ಬರುತ್ತಾಳೆ. ಅಲ್ಲಿಂದ ಒಂದು ಬಸ್ಸು ಮಗುವನ್ನು ದೂರದ ಸ್ಟಾಪಿಗೆ ಒಯ್ಯುತ್ತದೆ, ಇನ್ನೊಂದು ಬಸ್ಸು ಶಾಲೆಗೆ ವಾಪಸು ತರುತ್ತದೆ. ಇದಕ್ಕಾಗಿ ಬೇಗ ಹೊರಡಬೇಕಾದ್ದರಿಂದ ಚಳಿಗಾಲದ ಮಂಜಿನಲ್ಲಿ ಎದುರು ಬರುವ ಗಾಡಿ ಕಾಣುವುದಿಲ್ಲ. ಕಾಣದಿದ್ದರೆ ಭಯವೂ ಕಡಿಮೆ ಎಂದು ಸುದರ್ಶನ್ ಸಮಾಧಾನ ಹೇಳಿದ್ದಾರೆ.

"ಪಪ್ಪಾ, ಸ್ಕೂಲ್ ತೋ ಆ ಗಯಾ, ಬಂದೇ ಬಿಡ್ತಲ್ಲ, ಮತ್ತೆ ಬಸ್ ಯಾಕೆ?" ಎಂದು ಸ್ಫೂರ್ತಿ ಒಮ್ಮೆ ಕೇಳಿದಳು.

"ಈಗ ನಾವು ಅರ್ಹರು ಪುಟ್ಟೀ," ಎಂದರು ಮಹಂತೇಶ್.

ಮೊನ್ನೆ ಪಕ್ಕದ ಮನೆಯಾಕೆ ತನ್ನ ಮಗನನ್ನೂ ಬಸ್ಸಿಗೆ ಸೇರಿಸಬೇಕೆಂದು ಬಂದಳು. ಏನೇನು ಬೇಕಾಗುತ್ತದೆ ಎಂದು ವಿಚಾರಿಸಿದಳು.

"ಏನಿಲ್ಲ," ಎಂದಳು ಲೀಲಾವತಿ, "ಮೊದ್ಲು ರಸ್ತೆ ದಾಟ್ಬೇಕು, ಅಷ್ಟೇ."