ಮೊಟ್ಟೆಗಳ್ಳನ ನಾಮಕರಣ

ನಗಬಾರದ ಹೊತ್ತಿನಲ್ಲೇ ನಗು ಬರಿಸುವ ಪ್ರಸಂಗಗಳು ನಮ್ಮ ಮನೆಯನ್ನು ಹುಡುಕಿಕೊಂಡು ಬರುತ್ತವೆ. ಹೆಸರಿಡುವ ಮೊದಲೇ ಎರಡು ಮಕ್ಕಳನ್ನು ಕಳೆದುಕೊಂಡಿದ್ದೆವು. ಮೂರನೆಯದು ದಿನ ತುಂಬುವ ಮುಂಚೆ ಹುಟ್ಟಿ, ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು. ನಾನು ಹಗಲೆಲ್ಲ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ವಿದೇಶದ ಮಕ್ಕಳ ಅಂಗಿಗಳಿಗೆ ಹಳೇ ಕಾಲದ ಪ್ರಾಣಿಗಳನ್ನು ಪ್ರಿಂಟ್ ಹಾಕುತ್ತಿದ್ದೆ. ಆ ಪುಟ್ಟ ಅಂಗಿಗಳನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು.

ರಾಜ ಹಲ್ಲಿ

ಒಂದು ಚಿತ್ರದ ಕೆಳಗೆ ಬೆಸಿಲೋಸಾರಸ್ ಎಂದಿತ್ತು. ಅರ್ಥ ರಾಜ ಹಲ್ಲಿ. ಆದರೆ ಪ್ರಾಣಿ ತಿಮಿಂಗಿಲ ಎಂದಳು ಆರ್ಡರ್ ನೋಡಿಕೊಳ್ಳುವ ಹುಡುಗಿ.

"ತಪ್ಪು ಅಂತ ಗೊತ್ತಾದ್ಮೇಲೆ ಬದಲಾಯಿಸಬೋದಲ್ಲ?" ಎಂದೆ.

"ಆಗಲ್ಲಣ್ಣ. ವಿಜ್ಞಾನಿಗಳ ಕಾನೂನು. ಮೊದಲು ಇಟ್ಟ ಹೆಸರೇ ಖಾಯಂ."

ಬಣ್ಣ ಕಲಸುತ್ತಿದ್ದ ಮಾಸ್ಟರ್ ನಿಟ್ಟುಸಿರು ಬಿಟ್ಟರು. "ನನ್ನನ್ನೂ ಚಿಕ್ಕಂದಲ್ಲಿ ಗುಂಡ ಅಂದ್ರು. ಈಗ ಶುಗರ್ ಬಂದು ಎಲುಬು ಕಾಣ್ತಿದೆ. ಹೆಸರು ಮಾತ್ರ ಇಳೀಲಿಲ್ಲ."

ಗೌರವ

ಹೊಸ ಪ್ರಾಣಿಗೆ ಯಾರದಾದರೂ ಗೌರವಕ್ಕೆ ಅವರ ಹೆಸರಿಡುವುದೂ ಉಂಟಂತೆ. ಚೆಕಿಂಗ್ ಮಾಡುವ ಅಕ್ಕನಿಗೆ ಆಸೆಯಾಯಿತು. "ನನ್ನ ಹೆಸರೂ ಇಡ್ತಾರಾ?"

"ಇಡಬೋದು. ಆದ್ರೆ ಆ ಪ್ರಾಣಿಯ ವಂಶವೇ ನಾಶವಾಗಿ ಎಲುಬು ಮಾತ್ರ ಉಳಿದಿರುತ್ತೆ" ಎಂದಳು ಆರ್ಡರ್ ಹುಡುಗಿ.

ಅಕ್ಕ ಸ್ವಲ್ಪ ಯೋಚಿಸಿದಳು. "ಹಂಗಾದ್ರೆ ನನ್ನ ನಾದಿನಿ ಹೆಸರು ಕೊಡ್ತೀನಿ."

ಎಮನ ಲೆಕ್ಕ

ನಮ್ಮಜ್ಜಿ ತಿಪ್ಪಮ್ಮ. ಅವಳಿಗಿಂತ ಮುಂಚೆ ಹುಟ್ಟಿದವರೆಲ್ಲ ಸತ್ತದ್ದರಿಂದ, ಇವಳಾದರೂ ಎಮನಿಗೆ ಬೇಡವಾಗಲಿ ಎಂದು ತಿಪ್ಪೆಯ ಹೆಸರಿಟ್ಟರಂತೆ. ಮಗುವಿಗೂ ಕೆಟ್ಟ ಹೆಸರೇ ಇಡಬೇಕೆಂದು ಅವಳ ಹಟ. ಹೆಂಡತಿ ಒಪ್ಪಲಿಲ್ಲ.

ಡಾಕ್ಟರು ಕೈಚೆಲ್ಲಿದ ಸಂಜೆ, ಆಸ್ಪತ್ರೆಗೆ ಒಯ್ದಿದ್ದ ಒಂದು ಅಂಗಿಯನ್ನು ಅಜ್ಜಿ ತಿರುಗಿಸಿ ನೋಡಿದಳು. "ಇದ್ಯಾರು ಮಗಾ?"

"ಓವಿರಾಪ್ಟರ್. ಅಂದ್ರೆ ಮೊಟ್ಟೆಗಳ್ಳ. ಮೊಟ್ಟೆಗಳ ಪಕ್ಕ ಸತ್ತು ಬಿದ್ದಿತ್ತಂತೆ, ಕದಿಯೋಕೆ ಬಂದಿತ್ತು ಅಂದ್ಕೊಂಡ್ರು. ಆಮೇಲೆ ನೋಡಿದ್ರೆ ಅದರದೇ ಮೊಟ್ಟೆ. ಕಾವು ಕೂತಿತ್ತು. ಆದ್ರೂ ವಿಜ್ಞಾನಿಗಳ ಕಾನೂನು, ಮೊದಲು ಇಟ್ಟ ಹೆಸರೇ ಖಾಯಂ" ಎಂದೆ.

ಹೆಂಡತಿ ಮುಖ ಮುಚ್ಚಿಕೊಂಡು ಅತ್ತಳು. ಅಳು ನಿಂತ ಮೇಲೆ ಅವಳೇ ಗಾಜಿನ ಹತ್ತಿರ ಬಾಗಿ, "ಲೇ ಮೊಟ್ಟೆಗಳ್ಳ, ಎದ್ದೇಳೋ" ಎಂದಳು.

ಮಗು ಬದುಕಿತು. ಮನೆಗೆ ಬಂದ ಮೇಲೆ ನಾನು, "ಅಜ್ಜಿ, ಇನ್ನು ಒಳ್ಳೆ ಹೆಸರು ಇಡೋಣ" ಎಂದೆ.

ಅಜ್ಜಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದು ಬಾಗಿಲ ಕಡೆ ನೋಡಿದಳು. "ಮೆಲ್ಲಗೆ ಮಾತಾಡು. ವಿಜ್ಞಾನಿಗಳ ಕಾನೂನು ಮೀರಬ್ಯಾಡ."