ಕೂಸೊಂದಕ್ಕೆ ಮೂರು ಬಾಟಲಿ

ಎಳೆಕೂಸುಗಳು ಏನು ಕುಡಿಯಬೇಕೆಂಬ ತೀರ್ಮಾನವನ್ನು ಕೂಸುಗಳಿಗೇ ಬಿಡುವುದು ಸೂಕ್ತವಲ್ಲವೆಂದು ಸರ್ಕಾರ ಮನಗಂಡ ಪ್ರಯುಕ್ತ, ಸುರಕ್ಷಿತ ಶಿಶುಪಾನೀಯ ಆಯ್ಕೆ ಸಮಿತಿ ಅಸ್ತಿತ್ವಕ್ಕೆ ಬಂದಿತು. ಸಲಹೆ ನೀಡಲು ಎಳೆಕೂಸುಗಳ ವಾರ್ಡಿನ ನರ್ಸಮ್ಮನನ್ನು ಕರೆಸಲಾಯಿತು. ಇಪ್ಪತ್ತೆರಡು ವರ್ಷ ಕೂಸುಗಳನ್ನು ಎತ್ತಿ ಆಡಿಸಿದ ಆಕೆ, ಎರಡು ನಿಮಿಷದ ಕೆಲಸ ಎಂದುಕೊಂಡೇ ಹೋದಳು.

“ಆರು ತಿಂಗಳವರೆಗೆ ತಾಯಿ ಹಾಲೇ ಸಾಕು ಸಾರ್. ನೀರೂ ಬೇಡ.”

ಅಧ್ಯಕ್ಷರು ನಮೂನೆ ಬಿಡಿಸಿದರು. “ತಯಾರಕರು?”

“ತಾಯಂದಿರು.”

“ಪರವಾನಗಿ ಸಂಖ್ಯೆ? ಅವಧಿ ಮುಗಿಯುವ ದಿನಾಂಕ?”

“ಅದು... ಕೂಸಿಗೆ ಹಲ್ಲು ಬಂದ್ಮೇಲೆ ತಾಯಿನೇ ಹೇಳ್ತಾಳೆ ಸಾರ್.”

“ಮೌಖಿಕ ಹೇಳಿಕೆ,” ಎಂದು ಷರಾ ಬರೆದು ಅಧ್ಯಕ್ಷರು ತಾಯಿ ಹಾಲನ್ನು ತಿರಸ್ಕರಿಸಿದರು.

ಮುಂದಿನ ಸರದಿ ಒಂದು ಕಂಪನಿಯ ಕಿತ್ತಳೆ ಬಣ್ಣದ ಸಿಹಿ ಪಾನೀಯದ್ದು. ಪರವಾನಗಿ ಇತ್ತು, ಸೀಲು ಇತ್ತು, ನಗುವ ಮಗುವಿನ ಚಿತ್ರವೂ ಇತ್ತು. ನರ್ಸಮ್ಮ ಕನ್ನಡಕ ಏರಿಸಿ ಸಣ್ಣಕ್ಷರ ಓದಿದಳು.

“‘ಮಕ್ಕಳಿಗೆ ಕೊಡಬಾರದು’ ಅಂತ ಇವ್ರೇ ಬರ್ದಿದ್ದಾರಲ್ಲ ಸಾರ್!”

“ನೋಡಿದ್ರಾ, ಎಂಥಾ ಪ್ರಾಮಾಣಿಕ ಜನ!” ಎಂದು ಅಧ್ಯಕ್ಷರು ಒಪ್ಪಿಗೆಯ ಮುದ್ರೆ ಒತ್ತಿದರು.

ಆದೇಶ ಹೊರಟಿತು: ಕೂಸೊಂದಕ್ಕೆ ದಿನಕ್ಕೆ ಮೂರು ಬಾಟಲಿ. ಚೆಲ್ಲುವುದು ಅಪರಾಧ. ಖಾಲಿ ಬಾಟಲಿಗಳನ್ನು ಸಂಜೆ ಐದರೊಳಗೆ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ ನರ್ಸು ಅಮಾನತು.

ಮೂರು ದಿನದ ಕೂಸಿನ ಬಾಯಿಗೆ ಬಾಟಲಿ ಹಿಡಿಯಲು ನರ್ಸಮ್ಮನಿಗೆ ಕೈ ಬರಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂಸಿನ ತಾತ ಸುಮ್ಮನೆ ಕೂತಿದ್ದರು.

“ತಾತಾ, ಮೊಮ್ಮಗಳಿಗೋಸ್ಕರ ಒಂದು ಉಪಕಾರ ಮಾಡ್ತೀರಾ?”

ತಾತ ಮೂರನ್ನೂ ಗಟಗಟ ಮುಗಿಸಿ ತೇಗಿದರು. ತಾಯಿ ಗೋಡೆಯ ಕಡೆ ತಿರುಗಿ ಕೂಸಿಗೆ ಹಾಲೂಡಿಸಿದಳು. ವಾರ ಕಳೆಯುವುದರೊಳಗೆ ವಾರ್ಡಿನ ತಾತಂದಿರೆಲ್ಲ ಸಾಲಾಗಿ ಕೂತು ಕುಡಿಯತೊಡಗಿದರು. ಕೂಸುಗಳು ಮೈಕೈ ತುಂಬಿಕೊಂಡವು. ತಾತಂದಿರೂ ತುಂಬಿಕೊಂಡರು, ಅದಕ್ಕೆ ವರದಿಯಲ್ಲಿ ಕಾಲಂ ಇರಲಿಲ್ಲ.

ತಿಂಗಳ ಕೊನೆಗೆ ಅಧ್ಯಕ್ಷರು ತಪಾಸಣೆಗೆಂದು ಬಂದು ಬಾಗಿಲಲ್ಲೇ ನಿಂತರು. ಹದಿನಾಲ್ಕು ತಾತಂದಿರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಾಟಲಿ. ನರ್ಸಮ್ಮ ಮುಂದೆ ಬಂದಳು.

“ನಿಜ ಹೇಳ್ಬಿಡ್ತೀನಿ ಸಾರ್. ಕೂಸುಗಳು ಒಂದು ತೊಟ್ಟೂ ಕುಡ್ದಿಲ್ಲ.”

ಅಧ್ಯಕ್ಷರು ತೂಕದ ಪಟ್ಟಿ ನೋಡಿದರು. “ಒಂದು ಕೂಸಿಗೂ ತೊಂದ್ರೆ ಆಗಿಲ್ಲ ತಾನೇ?”

“ಇಲ್ಲ ಸಾರ್.”

“ಅಂದ್ಮೇಲೆ ಪಾನೀಯ ಸುರಕ್ಷಿತ. ನಾಳೆಯಿಂದ ಐದು ಬಾಟಲಿ.”

“ತಾತಂದಿರ ಹೊಟ್ಟೇಲಿ ಜಾಗ ಇಲ್ಲ ಸಾರ್!”

ಅಧ್ಯಕ್ಷರು ಗಂಭೀರವಾಗಿ ಯೋಚಿಸಿದರು. “ಸೋದರಮಾವಂದಿರು ಏನ್ಮಾಡ್ತಿದ್ದಾರೆ?”

ಮರುದಿನ ಸುತ್ತೋಲೆ ಬಂತು. ಪ್ರತಿ ಕೂಸೂ ಕನಿಷ್ಠ ಇಬ್ಬರು ಸೋದರಮಾವಂದಿರೊಂದಿಗೆ ದಾಖಲಾಗತಕ್ಕದ್ದು. ಮಾವಂದಿರಿಲ್ಲದ ಕೂಸುಗಳಿಗೆ ಇಲಾಖೆಯೇ ಒದಗಿಸುವುದು. ನರ್ಸಮ್ಮ ಅದನ್ನು ಗೋಡೆಗೆ ಅಂಟಿಸಿ, ಬಾಗಿಲಾಚೆ ತಲೆ ಹಾಕಿ ಕೂಗಿದಳು:

“ಇಲಾಖೆ ಮಾವಂದಿರು ಯಾರು? ಒಳಗೆ ಬನ್ನಿ!”

ಆರು ಜನ ಎದ್ದು ಬಂದರು.