ಬೇವಿನಾಳದ ಹಳ್ಳವೂ ನಮ್ಮ ಕಾಕಾನೂ

ನೀರಿಲ್ಲದ ಹಳ್ಳಕ್ಕಾಗಿ ಇಡೀ ಊರನ್ನು ಎದುರು ಹಾಕಿಕೊಂಡ ಮನುಷ್ಯ ಹುನಗುಂದ ತಾಲೂಕಿನಲ್ಲಿ ಒಬ್ಬನೇ ಇದ್ದರೆ, ಅದು ನಮ್ಮ ಕಾಕಾ! ಹೆಸರು ಹೇಳುವುದಿಲ್ಲ, ಹೇಳಿದರೆ ಅದಕ್ಕೂ ಒಂದು ತಕರಾರು ತೆಗೆಯುತ್ತಾರೆ.

ಹಳ್ಳದ ಭೂಗೋಳ ಬಹಳ ಸರಳ. ಮಳೆಗಾಲದಲ್ಲಿ ನಾಲ್ಕು ದಿನ ನೀರು, ಉಳಿದಂತೆ ಜಾಲಿ. ಗೊಂದಲವೆಲ್ಲ ಹೆಸರಿನದು. ಹಳ್ಳ ಯಾವ ಊರಿನಿಂದ ಬರುತ್ತದೋ ಆ ಊರೇ ಅದರ ಹೆಸರು. ಮೇಲಿನ ಬೇವಿನಾಳದಿಂದ ಬರುವುದರಿಂದ ನಮಗದು ಬೇವಿನಾಳದ ಹಳ್ಳ. ಕೆಳಗಿನ ಊರಿನವರಿಗೆ ನಮ್ಮೂರ ಹಳ್ಳ. ಹುಟ್ಟಿದ ಬೇವಿನಾಳದಲ್ಲಿ ಮಾತ್ರ ಬರೀ ಹಳ್ಳ! ಕಾಕಾ ಒಮ್ಮೆ ಊಟಕ್ಕೆ ಕುಳಿತಾಗ ರೊಟ್ಟಿಯ ಮೇಲೆ ಎಣ್ಣೆಗಾಯಿಯ ರಸ ಹರಿಸಿ ಇದನ್ನೆಲ್ಲ ತೋರಿಸಿದರು. ಪಾಠ ಮುಗಿದ ಮೇಲೆ ಮೂರೂ ಊರುಗಳನ್ನು ಮಡಚಿ ಬಾಯಿಗೆ ಹಾಕಿಕೊಂಡರು.

ಇಂಥ ಹಳ್ಳಕ್ಕೆ ಈ ವರ್ಷ ಸೇತುವೆಯಾಯಿತು. ಸೇತುವೆಗೆ ಬೋರ್ಡು ಬೇಕು, ಬೋರ್ಡಿಗೆ ಹೆಸರು ಬೇಕು. ಹಿರಿಯರೆಲ್ಲ ಸಭೆ ಸೇರಿದರು. ನಮ್ಮ ಸೇತುವೆಗೆ ಪಕ್ಕದೂರಿನ ಹೆಸರೇ? ಎಲ್ಲರ ಅಭಿಮಾನ ಉಕ್ಕಿತು; ಹಳ್ಳ ಒಮ್ಮೆಯೂ ಅಷ್ಟು ಉಕ್ಕಿದ್ದಿಲ್ಲ! ಒಬ್ಬರು ಅದನ್ನು ನದಿ ಮಾಡಿದರು, ಇನ್ನೊಬ್ಬರು ಗಂಗೆ ಮಾಡಿದರು. ಚಹಾ ಬರುವಷ್ಟರಲ್ಲಿ ಅದು 'ಅಮೃತಗಂಗಾ ನದಿ' ಆಗಿತ್ತು. ಬೇವಿನಾಳದ ಪರ ಎದ್ದದ್ದು ಒಂದೇ ಕೈ, ಕಾಕಾನದು.

"ನದಿ ಅಂತ ಬರದ್ರ ನೀರು ಬರ್ತಾವೇನ್ರಿ?" ಎಂದರು ಕಾಕಾ.

"ನೀರು ಇಲ್ದಿದ್ರೇನಾತ್ರಿ, ಹೆಸರರ ದೊಡ್ಡದಿರ್ಲಿ," ಎಂದರು ಸಭೆಯ ಅಧ್ಯಕ್ಷರು.

ಮಜವೆಂದರೆ ಬೇವಿನಾಳ ಕಾಕಾನ ಹೆಂಡತಿಯ, ಅಂದರೆ ನಮ್ಮ ಕಾಕುವಿನ ತವರು, ಮತ್ತು ಮದುವೆಯಾದಾಗಿನಿಂದ ಆ ಊರನ್ನು ಬೈಯುವುದೇ ಕಾಕಾನ ಕಸುಬು! ಅಲ್ಲಿಯ ಚಹಾ ಸಪ್ಪೆ, ಎತ್ತುಗಳು ಸೋಮಾರಿ, ಬಿಸಿಲು ಕೂಡ ಕಡಿಮೆ ದರ್ಜೆಯದು. ಕಾಕು ಬದುಕಿರುವವರೆಗೂ ಅವರ ಎದುರಿಗೇ ಹೀಗೆಲ್ಲ ಅನ್ನುತ್ತಿದ್ದರು. ಕಾಕು ನಗುತ್ತ ಇನ್ನೊಂದು ರೊಟ್ಟಿ ಬಡಿಸುತ್ತಿದ್ದರು. ಹೋದ ವರ್ಷ ಅವರು ತೀರಿಕೊಂಡರು.

ನನಗೆ ಸಿಟ್ಟೇ ಬಂತು. ಚಹಾ ಹಿಡಿದು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಕಾಕಾನನ್ನು ಕೇಳಿದೆ: "ಕಾಕಾ, ಜೀವನಪೂರ್ತಿ ಬೈದ ಊರಿನ ಹೆಸರು ನಿಮಗ್ಯಾಕ ಬೇಕ್ರಿ?"

ಅವರು ಬಸಿಯಲ್ಲಿದ್ದ ಚಹಾ ಕುಡಿಯದೆ ಹಾಗೇ ಹಿಡಿದುಕೊಂಡಿದ್ದರು. ನಮ್ಮ ಕಡೆ ಸೊಸೆಯರಿಗೂ ಹಳ್ಳದ್ದೇ ಕಾನೂನು: ಬಂದ ಊರೇ ಹೆಸರು. ಕಾಕುವನ್ನು ಅತ್ತೆ, ನೆರೆಹೊರೆ, ಕೊನೆಗೆ ಕಾಕಾ ಕೂಡ ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವರು ಬೇವಿನಾಳದಾಕಿ.

"ಆಕಿ ಹ್ವಾದ ಮ್ಯಾಲೆ ಬೇವಿನಾಳ ಅನ್ನೂ ಮಾತು ಈ ಊರಾಗ ಹಳ್ಳಕ್ಕಷ್ಟ ಉಳದೈತಿ," ಎಂದರು ಕಾಕಾ. "ಅದನ್ನೂ ಅಳಿಸಿದ್ರ ನಾ ಏನ್ ಕೇಳ್ಕೋತ ಕುಂಡ್ರಲಿ, ಹೇಳು?"

ಮತ್ತೆ ಸಭೆ ಸೇರಿದಾಗ ಬೇವಿನಾಳದ ಪರ ಎರಡು ಕೈ ಎದ್ದವು, ಎರಡೂ ಸೋತವು. ಈಗ ಸೇತುವೆಯ ಮೇಲೆ ಅಮೃತಗಂಗೆಯ ಬೋರ್ಡು ನಿಂತಿದೆ. ಇಳಕಲ್ಲಿನಿಂದ ಬಸ್ಸಿನಲ್ಲಿ ಬರುವಾಗ ಕಾಕಾ ಪಕ್ಕದಲ್ಲಿದ್ದರೆ, ನಾನು ಬೇಕೆಂತಲೇ ಕಂಡಕ್ಟರನನ್ನು ಕೂಗಿ ಕೇಳುತ್ತೇನೆ: "ಬೇವಿನಾಳದ ಹಳ್ಳ ಬಂತೇನ್ರಿ?"

ಬಸ್ಸಿನವರೆಲ್ಲ ತಿರುಗಿ ನೋಡುತ್ತಾರೆ. ಕಾಕಾ ಕಣ್ಣು ಮುಚ್ಚಿಕೊಂಡು ಕೇಳುತ್ತಿರುತ್ತಾರೆ.